ಗಡುವು ಮೀರಿದ ಮೇಲ್ಮನವಿ: ವಕೀಲರಿಲ್ಲದೆ ವಿಳಂಬ ಮನ್ನಾ ಕೋರುವ ಬಗೆ

ಬಾಕಿ ವಸೂಲಿಯ ದಾವೆಯೊಂದರಲ್ಲಿ ತೀರ್ಪು ತಮ್ಮ ವಿರುದ್ಧ ಬಂದಾಗ ಸಣ್ಣ ವರ್ತಕರು ಹಾಗೂ ಕೈಗಾರಿಕೋದ್ಯಮಿಗಳು ಸಾಮಾನ್ಯವಾಗಿ ಎರಡು ಲೆಕ್ಕಗಳನ್ನು ಹಾಕುತ್ತಾರೆ. ಡಿಕ್ರಿಯ ಮೊತ್ತವೆಷ್ಟು ಎಂಬುದು ಒಂದು. ಮೇಲ್ಮನವಿಗೆ ತಗಲುವ ವೆಚ್ಚವೆಷ್ಟು ಎಂಬುದು ಇನ್ನೊಂದು. ಇವೆರಡಕ್ಕೂ ಮೊದಲು ಹಾಕಬೇಕಾದ ಮೂರನೆಯ ಲೆಕ್ಕವೊಂದುಂಟು. ಅದು ದಿನಗಳ ಲೆಕ್ಕ. ಮೇಲ್ಮನವಿಯು ಎಷ್ಟೇ ಸತ್ವಯುತವಾಗಿದ್ದರೂ ಕಾಲಮಿತಿ ಮೀರಿ ಸಲ್ಲಿಸಲ್ಪಟ್ಟಿದ್ದರೆ ಅದರ ಗುಣದೋಷಗಳನ್ನು ಪರಿಶೀಲಿಸುವ ಮೊದಲೇ ಅದು ವಜಾಗೊಳ್ಳಬಹುದು. 1963ರ ಕಾಲಪರಿಮಿತಿ ಅಧಿನಿಯಮದ 3ನೇ ಪ್ರಕರಣದ ಪ್ರಕಾರ, ಎದುರು ಪಕ್ಷದವರು ಆಕ್ಷೇಪಣೆ ಎತ್ತದಿದ್ದರೂ ನ್ಯಾಯಾಲಯವು ತಾನಾಗಿಯೇ ಅಂತಹ ಮೇಲ್ಮನವಿಯನ್ನು ವಜಾಗೊಳಿಸಲು ಬದ್ಧವಾಗಿದೆ.

ವಕೀಲರ ಶುಲ್ಕವನ್ನು ಭರಿಸಲಾಗದೆ ಅಥವಾ ಹಿಂದಿನ ವಕೀಲರಲ್ಲಿ ವಿಶ್ವಾಸ ಕಳೆದುಕೊಂಡು, ತಮ್ಮ ಪ್ರಕರಣವನ್ನು ತಾವೇ ನಡೆಸಲು ಮುಂದಾಗುವ ವರ್ತಕರು ಅನೇಕರಿದ್ದಾರೆ. ಕಾನೂನು ಇದಕ್ಕೆ ಅಡ್ಡಿಪಡಿಸುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ 1ನೇ ನಿಯಮವು ಪಕ್ಷಕಾರನು ಖುದ್ದಾಗಿ ಹಾಜರಾಗಲು ಅವಕಾಶ ನೀಡಿದೆ. ಏಕಮಾಲೀಕತ್ವದ ಅಂಗಡಿ ಅಥವಾ ಕಾರ್ಖಾನೆಯ ಮಾಲೀಕರು ಈ ಹಕ್ಕನ್ನು ನೇರವಾಗಿ ಬಳಸಿಕೊಳ್ಳಬಹುದು. ಪ್ರೈವೇಟ್ ಲಿಮಿಟೆಡ್ ಕಂಪನಿಯ ಸಂಗತಿ ಬೇರೆ. ಕಂಪನಿಯು ಕಾನೂನಿನ ದೃಷ್ಟಿಯಲ್ಲಿ ಪ್ರತ್ಯೇಕ ವ್ಯಕ್ತಿಯಾದುದರಿಂದ, ನಿರ್ದೇಶಕರು ಕಾಗದಪತ್ರಗಳಿಗೆ ಸಹಿ ಮಾಡಬಹುದಾದರೂ ಅದರ ಪರವಾಗಿ ನಿಂತು ವಾದಿಸಲು ನ್ಯಾಯಾಲಯದ ಅನುಮತಿಯನ್ನು ಕೇಳಬೇಕಾಗುತ್ತದೆ; ಅದು ದೊರೆಯುವ ಖಾತರಿಯಿಲ್ಲ.

ಸಮಯ ಕೇಳುವುದಲ್ಲ, ವಿಳಂಬವನ್ನು ಮನ್ನಿಸುವಂತೆ ಕೋರುವುದು

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲಿಗೆ ನಿವಾರಿಸುವುದು ಅಗತ್ಯ. ವಿಚಾರಣಾ ನ್ಯಾಯಾಲಯದಲ್ಲಿ ‘ವಾಯಿದೆ’ ಕೇಳಿ ರೂಢಿಯಾದವರು ಮೇಲ್ಮನವಿಗೂ ಹಾಗೆಯೇ ಮುಂಚಿತವಾಗಿ ಕಾಲಾವಕಾಶ ಕೇಳಬಹುದೆಂದು ಭಾವಿಸುತ್ತಾರೆ. ನ್ಯಾಯಾಲಯಕ್ಕೆ ಅಥವಾ ಅಧಿಕಾರಿಗೆ ಒಂದು ಪತ್ರ ಬರೆದು, ‘ಇನ್ನು ಒಂದು ತಿಂಗಳು ಸಮಯ ನೀಡಬೇಕಾಗಿ ವಿನಂತಿ’ ಎಂದು ಕೋರಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ನಿಶ್ಚಿಂತರಾಗುತ್ತಾರೆ. ನಮ್ಮ ಕಾನೂನಿನಲ್ಲಿ ಇಂತಹ ಪತ್ರಕ್ಕೆ ಬೆಲೆಯಿಲ್ಲ. ಮೇಲ್ಮನವಿಯ ಗಡುವನ್ನು ಮುಂಚಿತವಾಗಿ ವಿಸ್ತರಿಸುವ ಅಧಿಕಾರ ಸಾಮಾನ್ಯವಾಗಿ ಯಾರಿಗೂ ಇಲ್ಲ. ಅಧಿನಿಯಮದ 5ನೇ ಪ್ರಕರಣವು ಹೇಳುವುದಿಷ್ಟೇ: ಗಡುವಿನೊಳಗೆ ಮೇಲ್ಮನವಿ ಸಲ್ಲಿಸದಿರಲು ಸಮರ್ಪಕ ಕಾರಣವಿತ್ತೆಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ, ಗಡುವು ಮುಗಿದ ಬಳಿಕವೂ ಅದನ್ನು ಅಂಗೀಕರಿಸಬಹುದು. ಅಂದರೆ ಸಿದ್ಧವಾದ ಮೇಲ್ಮನವಿಯನ್ನು ಕೈಯಲ್ಲಿ ಹಿಡಿದು, ಅದರ ಜೊತೆಗೇ ವಿಳಂಬ ಮನ್ನಾ ಅರ್ಜಿಯನ್ನೂ ಸಲ್ಲಿಸಬೇಕು. ಮೇಲ್ಮನವಿ ಇಲ್ಲದ ವಿನಂತಿ ಪತ್ರವು ಒಂದು ದಿನವನ್ನೂ ಉಳಿಸಿಕೊಡುವುದಿಲ್ಲ.

ಕೋರ್ಟ್ ಶುಲ್ಕಕ್ಕೆ ಹಣ ಹೊಂದಿಸಿಕೊಳ್ಳಲೆಂದು ಕಾಯುವವರೂ ಇದ್ದಾರೆ. ಸಂಹಿತೆಯ 149ನೇ ಪ್ರಕರಣದನ್ವಯ ಕೊರತೆ ಶುಲ್ಕವನ್ನು ತರುವಾಯ ಪಾವತಿಸಲು ನ್ಯಾಯಾಲಯವು ಅನುಮತಿ ನೀಡಬಹುದು. ಆದುದರಿಂದ ಇರುವಷ್ಟು ಶುಲ್ಕದೊಡನೆ ಗಡುವಿನೊಳಗೆ ಸಲ್ಲಿಸಿ, ಉಳಿದುದಕ್ಕೆ ಕಾಲಾವಕಾಶ ಕೋರುವುದೇ ಲೇಸು. ಕಚೇರಿಯ ಆಕ್ಷೇಪಣೆಗಳನ್ನು ನಂತರ ಸರಿಪಡಿಸಿಕೊಳ್ಳಬಹುದು. ಮೀರಿಹೋದ ಗಡುವಿಗೆ ಮಾತ್ರ ಕಾರಣ ಒದಗಿಸಬೇಕಾಗುತ್ತದೆ.

ದಿನಗಳನ್ನು ಎಣಿಸುವ ಕ್ರಮ

ಸಿವಿಲ್ ಡಿಕ್ರಿಯ ವಿರುದ್ಧ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 90 ದಿನ, ಇತರ ನ್ಯಾಯಾಲಯಗಳಿಗೆ 30 ದಿನ. ಚೆಕ್ ಅಮಾನ್ಯ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರು ವಿಧಿಸಿದ ಶಿಕ್ಷೆಯ ವಿರುದ್ಧ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಲು 30 ದಿನ. ಮೂರು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ವಾಣಿಜ್ಯ ವ್ಯಾಜ್ಯವು ವಾಣಿಜ್ಯ ನ್ಯಾಯಾಲಯದಲ್ಲಿ ತೀರ್ಮಾನವಾಗಿದ್ದರೆ 60 ದಿನ. ಗ್ರಾಹಕರ ಜಿಲ್ಲಾ ಆಯೋಗದ ಆದೇಶದ ವಿರುದ್ಧ ರಾಜ್ಯ ಆಯೋಗಕ್ಕೆ 45 ದಿನ.

ಈ ದಿನಗಳನ್ನು ಎಣಿಸುವಾಗ 12ನೇ ಪ್ರಕರಣವು ಪಕ್ಷಕಾರನಿಗೆ ಎರಡು ರಿಯಾಯಿತಿಗಳನ್ನು ನೀಡಿದೆ. ತೀರ್ಪು ಪ್ರಕಟವಾದ ದಿನವನ್ನು ಎಣಿಸಬೇಕಾಗಿಲ್ಲ. ದೃಢೀಕೃತ ನಕಲು ಪಡೆಯಲು ಅವಶ್ಯವಾದ ದಿನಗಳನ್ನೂ ಎಣಿಸಬೇಕಾಗಿಲ್ಲ. ದಾವಣಗೆರೆಯಲ್ಲಿ ಹಿಟ್ಟಿನ ಗಿರಣಿಯ ಬಿಡಿಭಾಗಗಳನ್ನು ತಯಾರಿಸುವ ಒಬ್ಬ ಉದ್ಯಮಿಯನ್ನು ಊಹಿಸಿಕೊಳ್ಳೋಣ. ಕಬ್ಬಿಣ ಸರಬರಾಜುದಾರರು ಹೂಡಿದ ದಾವೆಯಲ್ಲಿ ಜೂನ್ 2ರಂದು ಅವರ ವಿರುದ್ಧ ರೂ. 2,40,000ಕ್ಕೆ ಡಿಕ್ರಿಯಾಯಿತು. ಮೂವತ್ತು ದಿನಗಳ ಗಡುವು ಜುಲೈ 2ಕ್ಕೆ ಮುಗಿಯುತ್ತದೆ. ಅವರು ಜೂನ್ 10ರಂದು ನಕಲು ಅರ್ಜಿ ಸಲ್ಲಿಸಿ, ಜೂನ್ 24ರಂದು ನಕಲು ಸಿದ್ಧವಾಗಿದ್ದರೆ ಆ 15 ದಿನಗಳು ಸೇರಿ ಗಡುವು ಜುಲೈ 17ಕ್ಕೆ ಹೋಗುತ್ತದೆ. ನಕಲು ಸಿದ್ಧವಾದ ಮೇಲೆ ಅದನ್ನು ಒಯ್ಯದೆ ಬಿಟ್ಟ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ನಕಲಿನ ಮೇಲೆ ಅರ್ಜಿಯ ದಿನಾಂಕ, ಸಿದ್ಧವಾದ ದಿನಾಂಕ, ನೀಡಿದ ದಿನಾಂಕ ನಮೂದಾಗಿರುತ್ತವೆ. ಮೇಲ್ಮನವಿ ಸ್ವೀಕರಿಸುವ ಶಿರಸ್ತೇದಾರರು ಮೊದಲು ನೋಡುವುದು ಅದನ್ನೇ.

ಈ ರಿಯಾಯಿತಿಯ ಹಿಂದೆ ಒಂದು ಷರತ್ತು ಇದೆ. ಗಡುವು ಮುಗಿದ ಮೇಲೆ ನಕಲು ಅರ್ಜಿ ಹಾಕಿದರೆ ಒಂದು ದಿನವೂ ಕಳೆಯಲ್ಪಡುವುದಿಲ್ಲ. ಆದಕಾರಣ ಮೇಲ್ಮನವಿ ಸಲ್ಲಿಸುವ ನಿರ್ಧಾರ ಆಗಿರಲಿ ಬಿಡಲಿ, ತೀರ್ಪು ಬಂದ ವಾರದೊಳಗೆ ನಕಲು ಅರ್ಜಿ ಹಾಕಿಡುವುದು ಅಲ್ಪ ಖರ್ಚಿನ ದೊಡ್ಡ ವಿಮೆಯಿದ್ದಂತೆ. ಇನ್ನು, ಗಡುವಿನ ಕೊನೆಯ ದಿನವು ರಜಾ ದಿನವಾಗಿದ್ದರೆ ನ್ಯಾಯಾಲಯ ಪುನಃ ತೆರೆದ ದಿನ ಸಲ್ಲಿಸಬಹುದೆಂದು 4ನೇ ಪ್ರಕರಣ ಹೇಳುತ್ತದೆ. ಈ ಸರಳ ಸೌಲಭ್ಯವನ್ನು ಎಲ್ಲೆಡೆಯೂ ಅನ್ವಯಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ನಿದರ್ಶನವಿದೆ.

ಕದ ಮುಚ್ಚಿಕೊಳ್ಳುವ ಕಾನೂನುಗಳು

ವಿಜಯಪುರ ಜಿಲ್ಲೆಯ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆ ಹಾಗೂ ವಾಲ್‌ಚಂದ್‌ನಗರ ಇಂಡಸ್ಟ್ರೀಸ್ ಸಂಸ್ಥೆಗಳ ನಡುವಿನ ವ್ಯಾಜ್ಯದಲ್ಲಿ 2016ರ ಆಗಸ್ಟ್ 24ರಂದು ಮಧ್ಯಸ್ಥಿಕೆ ತೀರ್ಪು ಹೊರಬಿದ್ದಿತು. ಮಧ್ಯಸ್ಥಿಕೆ ಮತ್ತು ರಾಜಿ ಅಧಿನಿಯಮದ 34ನೇ ಪ್ರಕರಣದ ಪ್ರಕಾರ ಅದನ್ನು ಪ್ರಶ್ನಿಸಲು ಮೂರು ತಿಂಗಳು. ಸಮರ್ಪಕ ಕಾರಣವಿದ್ದರೆ ಮತ್ತೆ 30 ದಿನ. ‘ಅದರ ನಂತರ ಇಲ್ಲ’ ಎಂದು ಆ ಪ್ರಕರಣದಲ್ಲಿಯೇ ಸ್ಪಷ್ಟವಾಗಿ ಬರೆದಿದೆ. ಮೂರು ತಿಂಗಳು ನವೆಂಬರ್ 24ಕ್ಕೂ ಹೆಚ್ಚುವರಿ 30 ದಿನಗಳು ಡಿಸೆಂಬರ್ 24ಕ್ಕೂ ಮುಗಿದವು. ಆ ಸಮಯದಲ್ಲಿ ನ್ಯಾಯಾಲಯಕ್ಕೆ ಕ್ರಿಸ್‌ಮಸ್ ರಜೆ. ಕಾರ್ಖಾನೆಯ ಅರ್ಜಿ ರಜೆ ಮುಗಿದು ನ್ಯಾಯಾಲಯ ತೆರೆದ 2017ರ ಜನವರಿ 2ರಂದು ಸಲ್ಲಿಕೆಯಾಯಿತು. ಅದು ವಿಳಂಬದ ಕಾರಣಕ್ಕೆ ವಜಾ ಆಯಿತು. ಉಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. 2023ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಹೇಳಿತು. ರಜಾ ದಿನದ ಸೌಲಭ್ಯವು ಕಾನೂನು ವಿಧಿಸಿದ ಮೂಲ ಗಡುವಿಗೆ ಮಾತ್ರ ಸಲ್ಲುತ್ತದೆ, ನ್ಯಾಯಾಲಯದ ವಿವೇಚನೆಗೆ ಬಿಟ್ಟ ಹೆಚ್ಚುವರಿ ಅವಧಿಗೆ ಸಲ್ಲುವುದಿಲ್ಲ ಎಂಬುದೇ ಕಾರಣ. ಈ ನಿಲುವು ಕಠಿಣವೆಂಬ ಅಭಿಪ್ರಾಯ 2025ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮತ್ತೊಂದು ಪೀಠದಿಂದಲೇ ವ್ಯಕ್ತವಾಗಿದ್ದರೂ, ಆ ಪೀಠವೂ ಇದನ್ನೇ ಅನುಸರಿಸಬೇಕಾಯಿತು.

ಸಣ್ಣ ಉದ್ಯಮಗಳಿಗೆ ಬಾಕಿ ಪಾವತಿಸುವಂತೆ ಸೌಲಭ್ಯ ಮಂಡಳಿಯ ಮೂಲಕ ಬರುವ ತೀರ್ಪುಗಳಿಗೂ ಇದೇ 34ನೇ ಪ್ರಕರಣ ಅನ್ವಯಿಸುತ್ತದೆ ಎಂಬುದನ್ನು ಖರೀದಿದಾರರಾದ ಸದಸ್ಯರು ಗಮನದಲ್ಲಿಡಬೇಕು. ಅಲ್ಲಿ ತೀರ್ಪಿನ ಮೊತ್ತದ ಶೇ. 75ರಷ್ಟನ್ನು ಠೇವಣಿ ಇಡುವ ಹೊಣೆಯೂ ಸೇರಿಕೊಳ್ಳುತ್ತದೆ.

ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಇದಕ್ಕಿಂತಲೂ ಹತ್ತಿರದ್ದು ಸರಕು ಮತ್ತು ಸೇವಾ ತೆರಿಗೆ. ಜಿ.ಎಸ್.ಟಿ. ಕಾಯಿದೆಯ 107ನೇ ಪ್ರಕರಣದಡಿ ಆದೇಶವು ತಲುಪಿದ ದಿನದಿಂದ ಮೂರು ತಿಂಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಸಮರ್ಪಕ ಕಾರಣವಿದ್ದಲ್ಲಿ ಮೇಲ್ಮನವಿ ಪ್ರಾಧಿಕಾರಿಯು ಇನ್ನು ಒಂದು ತಿಂಗಳ ವಿಳಂಬವನ್ನು ಮಾತ್ರ ಮನ್ನಿಸಬಹುದು. ಇಲ್ಲಿ ವಕೀಲರ ಅಗತ್ಯವೇ ಇಲ್ಲ. 116ನೇ ಪ್ರಕರಣದಂತೆ ಲೆಕ್ಕಪರಿಶೋಧಕರು, ಜಿ.ಎಸ್.ಟಿ. ಪ್ರಾಕ್ಟೀಷನರರು, ಕಾಯಂ ನೌಕರರು ಅಥವಾ ಸಂಬಂಧಿಕರೂ ಪ್ರತಿನಿಧಿಸಬಹುದು. ತೊಂದರೆ ಇರುವುದು ಬೇರೆಡೆ. ಆದೇಶವು ಅಂಚೆಯ ಮೂಲಕ ಬರದೆ ಪೋರ್ಟಲ್‌ನ ಯಾವುದೋ ಒಂದು ಪುಟದಲ್ಲಿ ಸದ್ದಿಲ್ಲದೆ ಸೇರಿಕೊಂಡಿರುತ್ತದೆ. ಮಾಸಿಕ ವಿವರಣೆ ಸಲ್ಲಿಸುವ ಗುಮಾಸ್ತರು ಅದನ್ನು ತೆರೆದಿರುವುದಿಲ್ಲ. ಬ್ಯಾಂಕ್ ಖಾತೆ ಜಪ್ತಿಯಾದಾಗಲಷ್ಟೇ ವಿಷಯ ತಿಳಿಯುತ್ತದೆ. ಪೋರ್ಟಲ್‌ನಲ್ಲಿ ಪ್ರಕಟಿಸುವುದೂ ಜಾರಿಯ ಒಂದು ವಿಧಾನವೆಂದು 169ನೇ ಪ್ರಕರಣ ಹೇಳುವುದರಿಂದ ‘ನಮಗೆ ತಿಳಿದಿರಲಿಲ್ಲ’ ಎಂಬ ಸಮಜಾಯಿಷಿ ಎಲ್ಲ ಕಡೆಯೂ ನಡೆಯುವುದಿಲ್ಲ. ನಾಲ್ಕು ತಿಂಗಳು ದಾಟಿದ ಪ್ರಕರಣಗಳಲ್ಲಿಯೂ 5ನೇ ಪ್ರಕರಣದ ಆಶ್ರಯ ಪಡೆಯಬಹುದೆಂದು ಕಲ್ಕತ್ತ ಉಚ್ಚ ನ್ಯಾಯಾಲಯವು 2023ರಲ್ಲಿ ಅಭಿಪ್ರಾಯಪಟ್ಟಿತು. ಬೇರೆ ಕೆಲವು ಉಚ್ಚ ನ್ಯಾಯಾಲಯಗಳು ಇದನ್ನು ಒಪ್ಪಿಲ್ಲ. ಆಂಧ್ರಪ್ರದೇಶದ ಮೌಲ್ಯವರ್ಧಿತ ತೆರಿಗೆಗೆ ಸಂಬಂಧಿಸಿದ ಗ್ಲ್ಯಾಕ್ಸೊ ಸ್ಮಿತ್‌ಕ್ಲೈನ್ ಪ್ರಕರಣದಲ್ಲಿ (2020) ಸರ್ವೋಚ್ಚ ನ್ಯಾಯಾಲಯವು, ಶಾಸನವು ನಿಗದಿಪಡಿಸಿದ ಅಂತಿಮ ಗಡುವು ಮೀರಿದ ಮೇಲೆ ರಿಟ್ ಅರ್ಜಿಯ ದಾರಿಯಿಂದಲೂ ಅದನ್ನು ದಾಟಲಾಗದು ಎಂದಿತ್ತು. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವು ವಿಶೇಷ ಅಧಿಸೂಚನೆ ಹೊರಡಿಸಿ, 2023ರ ಮಾರ್ಚ್ 31ರವರೆಗಿನ ಕೆಲವು ಆದೇಶಗಳ ವಿರುದ್ಧ 2024ರ ಜನವರಿ 31ರವರೆಗೆ ಮೇಲ್ಮನವಿಗೆ ಅವಕಾಶ ನೀಡಿದ್ದುಂಟು. ಅಂತಹ ಕೃಪೆ ಮತ್ತೆ ಬಂದೇ ಬರುವುದೆಂದು ಕಾದು ಕೂರುವುದು ವ್ಯಾಪಾರಿಗೆ ತರವಲ್ಲ.

ಹೀಗಾಗಿ ಅರ್ಜಿ ಬರೆಯಲು ಕೂರುವ ಮೊದಲು ತಮ್ಮ ಪ್ರಕರಣವು ಯಾವ ವರ್ಗಕ್ಕೆ ಸೇರುತ್ತದೆಂದು ನೋಡಿಕೊಳ್ಳಬೇಕು. ಸಿವಿಲ್ ಡಿಕ್ರಿ, ಚೆಕ್ ಪ್ರಕರಣ, ಗ್ರಾಹಕ ಆಯೋಗ ಇವುಗಳಲ್ಲಿ ಕಾರಣ ಒಪ್ಪಿತವಾದರೆ ಎಷ್ಟೇ ದಿನಗಳ ವಿಳಂಬವನ್ನೂ ಮನ್ನಿಸುವ ಅಧಿಕಾರವಿದೆ. ಮಧ್ಯಸ್ಥಿಕೆ, ಜಿ.ಎಸ್.ಟಿ., ದಿವಾಳಿ ಸಂಹಿತೆ ಇವುಗಳಲ್ಲಿ ಒಂದು ಹಂತದ ನಂತರ ಕಾರಣವನ್ನು ಕೇಳುವವರೇ ಇಲ್ಲ. ದಿವಾಳಿ ಸಂಹಿತೆಯಲ್ಲಂತೂ 30 ದಿನ, ಅದರ ಮೇಲೆ 15 ದಿನ, ಅಲ್ಲಿಗೆ ಮುಗಿಯಿತು.

ಸಮರ್ಪಕ ಕಾರಣವೆಂದರೇನು?

ಅಧಿನಿಯಮದಲ್ಲಿ ಇದಕ್ಕೆ ವ್ಯಾಖ್ಯೆ ಇಲ್ಲ. ಅನಂತನಾಗ್ ಭೂಸ್ವಾಧೀನ ಕಲೆಕ್ಟರರ ಪ್ರಕರಣದಲ್ಲಿ (1987) ಸರ್ವೋಚ್ಚ ನ್ಯಾಯಾಲಯವು ಉದಾರ ದೃಷ್ಟಿಯನ್ನು ತಳೆದು, ಪ್ರತಿ ದಿನದ ವಿಳಂಬಕ್ಕೂ ವಿವರಣೆ ಬೇಕೆಂಬ ಮಾತನ್ನು ಅಕ್ಷರಶಃ ಎಳೆಯಬಾರದು ಎಂದಿತು. 1998ರ ಬಾಲಕೃಷ್ಣನ್ ಪ್ರಕರಣದಲ್ಲಿ ವಕೀಲರ ನಿರ್ಲಕ್ಷ್ಯದಿಂದಾದ 883 ದಿನಗಳ ವಿಳಂಬವೂ ಮನ್ನಾ ಆಯಿತು. ವಿಳಂಬದ ಉದ್ದಕ್ಕಿಂತ ವಿವರಣೆಯ ವಿಶ್ವಾಸಾರ್ಹತೆ ಮುಖ್ಯವೆಂಬುದು ಅಲ್ಲಿನ ಸೂತ್ರ. ಈ ಎರಡು ತೀರ್ಪುಗಳನ್ನು ಉಲ್ಲೇಖಿಸದ ವಿಳಂಬ ಮನ್ನಾ ಅರ್ಜಿ ಅಪರೂಪ. ಆದರೆ ಇತ್ತೀಚಿನ ವರ್ಷಗಳಲ್ಲಿ ಗಾಳಿ ಬದಲಾಗಿದೆ. 2012ರಲ್ಲಿ ಅಂಚೆ ಇಲಾಖೆಯ 427 ದಿನಗಳ ವಿಳಂಬವನ್ನು ಮನ್ನಿಸಲು ಸರ್ವೋಚ್ಚ ನ್ಯಾಯಾಲಯ ನಿರಾಕರಿಸಿತು. 2024ರ ಏಪ್ರಿಲ್‌ನಲ್ಲಿ 5,659 ದಿನಗಳ ವಿಳಂಬದ ಪ್ರಕರಣವೊಂದನ್ನು ತಿರಸ್ಕರಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಗೃಹ ಮಂಡಳಿಗೆ ಸಂಬಂಧಿಸಿದಂತೆ, 3,966 ದಿನಗಳ ವಿಳಂಬವನ್ನು ನಮ್ಮ ಉಚ್ಚ ನ್ಯಾಯಾಲಯ ಮನ್ನಿಸಿದ್ದುದನ್ನೇ ರದ್ದುಪಡಿಸಿತು. ಹಳೆಯ ತೀರ್ಪುಗಳ ಉದಾರವಾದ ಸಾಲುಗಳನ್ನಷ್ಟೇ ನಂಬಿ ಅರ್ಜಿ ಬರೆಯುವ ಕಾಲ ಇದಲ್ಲ ಎಂದು ನಮ್ಮ ಅಭಿಪ್ರಾಯ.

ಆಸ್ಪತ್ರೆಯ ದಾಖಲೆಯುಳ್ಳ ಕಾಯಿಲೆ, ಕುಟುಂಬದಲ್ಲಿ ಸಾವು, ತೀರ್ಪಿನ ಮಾಹಿತಿಯೇ ತಲುಪದಿರುವುದು, ವಕೀಲರ ತಪ್ಪು, ತಪ್ಪಾದ ನ್ಯಾಯಾಲಯದಲ್ಲಿ ಸದ್ಭಾವನೆಯಿಂದ ಹೋರಾಡಿದ ಅವಧಿ ಇವುಗಳನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಪರಿಗಣಿಸುತ್ತವೆ. ಏಕಪಕ್ಷೀಯ ಡಿಕ್ರಿಯನ್ನು ರದ್ದುಪಡಿಸಲು ಅದೇ ನ್ಯಾಯಾಲಯದಲ್ಲಿ ಅರ್ಜಿ ಹಾಕಿ ಸೋತವರು, ಅಲ್ಲಿ ಕಳೆದ ಕಾಲವನ್ನು ಮೇಲ್ಮನವಿಯ ವಿಳಂಬಕ್ಕೆ ಕಾರಣವಾಗಿ ತೋರಿಸಬಹುದೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಿದೆ. ‘ವ್ಯಾಪಾರದ ಒತ್ತಡ’, ‘ಕಾನೂನು ಗೊತ್ತಿರಲಿಲ್ಲ’, ‘ಹಣದ ಅಡಚಣೆ’ ಎಂಬವು ಒಂಟಿಯಾಗಿ ನಿಲ್ಲುವುದು ಕಷ್ಟ. ‘ವಕೀಲರನ್ನು ನೇಮಿಸಿಕೊಳ್ಳಲಾಗಲಿಲ್ಲ’ ಎಂಬುದೂ ಅಷ್ಟೇ. ಖುದ್ದು ಹಾಜರಾಗುವವರ ಮಾತನ್ನು ನ್ಯಾಯಾಧೀಶರು ಸಹನೆಯಿಂದ ಕೇಳುತ್ತಾರೆ. ಆದರೆ ಗಡುವು ಅವರಿಗೂ ಅದೇ. ವಕೀಲರಿಗಾಗಿ ಯಾರನ್ನು, ಯಾವ ದಿನ ಸಂಪರ್ಕಿಸಲಾಯಿತು, ಕಡತ ಯಾವಾಗ ವಾಪಸು ಬಂತು, ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟದ್ದು ಎಂದು ಎಂಬ ವಿವರಗಳು ದಾಖಲೆಗಳೊಂದಿಗೆ ಇದ್ದರೆ ಮಾತ್ರ ಆ ಮಾತಿಗೆ ತೂಕ ಬರುತ್ತದೆ.

ಅರ್ಜಿಯ ಬರವಣಿಗೆ

ಸಂಹಿತೆಯ 41ನೇ ಆದೇಶದ 3-ಎ ನಿಯಮದಂತೆ ವಿಳಂಬ ಮನ್ನಾ ಅರ್ಜಿಯ ಜೊತೆಗೆ ಪ್ರಮಾಣಪತ್ರ ಇರಲೇಬೇಕು. ಜಿಲ್ಲೆ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿ ಇದನ್ನು ಕನ್ನಡದಲ್ಲಿಯೇ ಸಲ್ಲಿಸಬಹುದು. ಮೊದಲೇ ಉದಾಹರಿಸಿದ ದಾವಣಗೆರೆಯ ಉದ್ಯಮಿಗೆ ಈಗ ಬೇರೊಂದು ಸ್ಥಿತಿ ಒದಗಿತೆಂದು ಇಟ್ಟುಕೊಳ್ಳೋಣ. ಅವರಿಗೆ ತೀರ್ಪಿನ ಸುದ್ದಿಯೇ ತಿಳಿದಿರಲಿಲ್ಲ. ಅವರ ಪ್ರಮಾಣಪತ್ರದ ಮುಖ್ಯ ಭಾಗ ಹೀಗಿರಬಹುದು:

“ಜೂನ್ 2ರಂದು ತೀರ್ಪು ಪ್ರಕಟವಾದ ಸಂಗತಿಯನ್ನು ನನ್ನ ಅಂದಿನ ವಕೀಲರು ನನಗೆ ತಿಳಿಸಿರಲಿಲ್ಲ. ಮೇ 20ರಂದು ನಾನು ಅವರನ್ನು ಕಚೇರಿಯಲ್ಲಿ ಕಂಡಾಗ ಪ್ರಕರಣವು ವಾದಕ್ಕೆ ಬಾಕಿ ಇದೆ, ತೀರ್ಪಾದಾಗ ಪತ್ರ ಬರೆಯುತ್ತೇನೆ ಎಂದಿದ್ದರು. ಆಗಸ್ಟ್ 4ರಂದು ಅಮಲ್ಜಾರಿ ನೋಟಿಸು ನನ್ನ ಕಾರ್ಖಾನೆಗೆ ತಲುಪಿದಾಗ ಡಿಕ್ರಿಯಾಗಿರುವುದು ಮೊದಲ ಬಾರಿಗೆ ತಿಳಿಯಿತು. ಆಗಸ್ಟ್ 5ರಂದು ನಕಲು ಅರ್ಜಿ ಸಲ್ಲಿಸಿದೆನು. ಆಗಸ್ಟ್ 14ರಂದು ನಕಲು ದೊರೆಯಿತು. ಮೇಲ್ಮನವಿಯನ್ನು ನಾನೇ ಸಿದ್ಧಪಡಿಸಿ ಆಗಸ್ಟ್ 25ರಂದು ಸಲ್ಲಿಸಿರುತ್ತೇನೆ. ಜುಲೈ 3ರಿಂದ ಆಗಸ್ಟ್ 25ರವರೆಗೆ 54 ದಿನಗಳ ವಿಳಂಬವಾಗಿದ್ದು, ಅದು ಉದ್ದೇಶಪೂರ್ವಕವಲ್ಲ.”

ಇದರಲ್ಲಿ ವಿಶೇಷಣಗಳಿಲ್ಲ, ನ್ಯಾಯದೇವತೆಗೆ ಮೊರೆಯಿಲ್ಲ, ದಿನಾಂಕಗಳಿವೆ. ನಕಲು ಅರ್ಜಿಯು ಗಡುವಿನ ನಂತರದ್ದಾದುದರಿಂದ ಆ ಹತ್ತು ದಿನಗಳನ್ನು ಅವರು ಲೆಕ್ಕದಿಂದ ಕಳೆದಿಲ್ಲ ಎಂಬುದನ್ನೂ ಗಮನಿಸಬೇಕು. ನೋಟಿಸಿನ ಲಕೋಟೆ, ವಕೀಲರಿಗೆ ಕಳುಹಿಸಿದ ಪತ್ರ ಅಥವಾ ಸಂದೇಶದ ಪ್ರತಿ, ನಕಲು ಅರ್ಜಿಯ ರಸೀತಿ ಇವನ್ನು ಲಗತ್ತಿಸಬೇಕು. ಎದುರುದಾರರ ವಕೀಲರು ಕೇಳಬಹುದಾದ ಪ್ರಶ್ನೆ ಒಂದೇ: ಇ-ಕೋರ್ಟ್ಸ್ ಜಾಲತಾಣದಲ್ಲಿ ಪ್ರಕರಣದ ಸ್ಥಿತಿಗತಿ ಎಲ್ಲರಿಗೂ ಕಾಣುವಾಗ ತಾವೇಕೆ ನೋಡಲಿಲ್ಲ? ಮೇ 20ರ ಭೇಟಿಯ ಉಲ್ಲೇಖವಿರುವುದು ಅದಕ್ಕಾಗಿಯೇ. ವಕೀಲರ ಮೇಲೆ ಹೊರಿಸಿದ ದೋಷಕ್ಕೆ ಆಧಾರ ಒದಗಿಸದಿದ್ದರೆ ಇಡೀ ಅರ್ಜಿಯೇ ಅನುಮಾನಕ್ಕೆ ಗುರಿಯಾಗುತ್ತದೆ. ಸುಳ್ಳು ವೈದ್ಯಕೀಯ ಪ್ರಮಾಣಪತ್ರದ ಮಾತಂತೂ ಬೇಡವೇ ಬೇಡ; ಅದೇ ದಿನಾಂಕದಂದು ತಾವೇ ಸಹಿ ಮಾಡಿದ ಇನ್‌ವಾಯ್ಸ್ ಎದುರುದಾರರ ಕೈಯಲ್ಲಿರಬಹುದು.

ಗಡುವು ಮುಗಿಯುವವರೆಗೆ ಕಾಯುವುದು ಪಕ್ಷಕಾರನ ಹಕ್ಕು, ಅದರ ನಂತರದ ದಿನಗಳಿಗೆ ವಿವರಣೆ ನೀಡಿದರೆ ಸಾಕು ಎಂಬ ಹಳೆಯ ನಿಲುವೊಂದಿದೆ. ಆದರೂ ತೀರ್ಪಿನ ದಿನದಿಂದಲೇ ಆರಂಭಿಸಿ ಎಲ್ಲ ಅವಧಿಯನ್ನೂ ವಿವರಿಸುವುದು ಈಗಿನ ಪರಿಸ್ಥಿತಿಯಲ್ಲಿ ಕ್ಷೇಮಕರ. ಕೋವಿಡ್ ಕಾಲದಲ್ಲಿ ತೀರ್ಪಾದ ಹಳೆಯ ಪ್ರಕರಣಗಳಿದ್ದರೆ, 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಅವಧಿಯನ್ನು ಸರ್ವೋಚ್ಚ ನ್ಯಾಯಾಲಯವು ಲೆಕ್ಕದಿಂದ ಹೊರಗಿಟ್ಟಿರುವುದನ್ನು ನಮೂದಿಸಲು ಮರೆಯಬಾರದು.

ತಡೆಯಾಜ್ಞೆಯ ತೊಡಕು

ವಿಳಂಬದ ನಿಜವಾದ ಬೆಲೆ ತೆರಬೇಕಾಗಿ ಬರುವುದು ಇಲ್ಲಿ. ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಡಿಕ್ರಿಯ ಅಮಲ್ಜಾರಿ ನಿಲ್ಲುವುದಿಲ್ಲ, ತಡೆಯಾಜ್ಞೆ ಪಡೆಯಬೇಕು. 3-ಎ ನಿಯಮದ ಪ್ರಕಾರ, ವಿಳಂಬದ ಪ್ರಶ್ನೆ ಇತ್ಯರ್ಥವಾಗಿ ಮೇಲ್ಮನವಿಯನ್ನು ವಿಚಾರಣೆಗೆ ತೆಗೆದುಕೊಳ್ಳಲು ನ್ಯಾಯಾಲಯ ನಿರ್ಧರಿಸುವವರೆಗೆ ಅಂತಹ ತಡೆಯಾಜ್ಞೆ ನೀಡುವಂತಿಲ್ಲ. ಎದುರುದಾರರಿಗೆ ನೋಟಿಸು ಜಾರಿಯಾಗಿ, ಅವರು ಆಕ್ಷೇಪಣೆ ಸಲ್ಲಿಸಿ, ವಾದ ಮುಗಿಯುವಷ್ಟರಲ್ಲಿ ಕೆಲವು ತಿಂಗಳುಗಳೇ ಕಳೆಯಬಹುದು. ಅಷ್ಟರಲ್ಲಿ ಅಮೀನರು ಕಾರ್ಖಾನೆಯ ಲೇಥ್ ಯಂತ್ರವನ್ನು ಜಪ್ತಿ ಮಾಡಲು ಬರಬಹುದು. ಹಾಗಾಗಿ ವಿಳಂಬ ಮನ್ನಾ ಅರ್ಜಿಯ ತುರ್ತು ವಿಚಾರಣೆ ಕೋರಿ ಪ್ರತ್ಯೇಕ ಜ್ಞಾಪನ ಸಲ್ಲಿಸುವುದು, ಡಿಕ್ರಿ ಮೊತ್ತದ ಒಂದು ಭಾಗವನ್ನು ಠೇವಣಿ ಇಡಲು ಸಿದ್ಧವಿರುವುದಾಗಿ ಪ್ರಮಾಣಪತ್ರದಲ್ಲಿಯೇ ಹೇಳುವುದು, ಎದುರುದಾರರಿಗೆ ವೆಚ್ಚ ಕೊಡಲು ಒಪ್ಪುವುದು ಇವೆಲ್ಲ ಪ್ರಯೋಜನಕಾರಿ. ವೆಚ್ಚ ವಿಧಿಸಿ ವಿಳಂಬ ಮನ್ನಿಸುವುದು ನ್ಯಾಯಾಲಯಗಳಲ್ಲಿ ರೂಢಿಯಲ್ಲಿದೆ.

ಚೆಕ್ ಪ್ರಕರಣದ ಮೇಲ್ಮನವಿಯಲ್ಲಿ 2018ರ ತಿದ್ದುಪಡಿಯಿಂದ ಬಂದ 148ನೇ ಪ್ರಕರಣದನ್ವಯ ದಂಡ ಅಥವಾ ಪರಿಹಾರದ ಕನಿಷ್ಠ ಶೇ. 20ರಷ್ಟನ್ನು ಠೇವಣಿ ಇಡುವಂತೆ ಆದೇಶವಾಗಬಹುದು. ಅದಕ್ಕೆ ಮೊದಲೇ ಹಣ ಹೊಂದಿಸಿಕೊಂಡಿರಬೇಕು.

ಬೇಲಿಯ ಆಚೆ ಬದಿಯಲ್ಲಿಯೂ ನಮ್ಮ ಸದಸ್ಯರೇ ಇರುತ್ತಾರೆ ಎಂಬುದನ್ನು ಇಲ್ಲಿ ಹೇಳಬೇಕು. ವರ್ಷಗಟ್ಟಲೆ ಅಲೆದು ಡಿಕ್ರಿ ಪಡೆದ ಸರಬರಾಜುದಾರರಿಗೆ ಗಡುವು ಮುಗಿದ ದಿನ ಒಂದು ಬೆಲೆಯುಳ್ಳ ಹಕ್ಕು ಪ್ರಾಪ್ತವಾಗುತ್ತದೆ. ಎದುರಾಳಿಯ ವಿಳಂಬ ಮನ್ನಾ ಅರ್ಜಿಯ ನೋಟಿಸು ಬಂದಾಗ ಅದನ್ನು ಕಡೆಗಣಿಸದೆ ದಿನಾಂಕಗಳನ್ನು ಒಂದೊಂದಾಗಿ ತಾಳೆ ನೋಡಿ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಮನ್ನಾ ಮಾಡುವುದೇ ಆದರೆ ಠೇವಣಿಯ ಷರತ್ತು ಹಾಗೂ ವೆಚ್ಚವನ್ನು ಕೇಳಬೇಕು.

ತಾವೇ ಅರ್ಜಿ ಬರೆಯುವ ಧೈರ್ಯವಿಲ್ಲದವರು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಬಹುದು. 1987ರ ಅಧಿನಿಯಮದ 12ನೇ ಪ್ರಕರಣದಡಿ ಮಹಿಳಾ ಉದ್ಯಮಿಗಳಿಗೆ, ಪರಿಶಿಷ್ಟ ಜಾತಿ ಹಾಗೂ ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರ ಸೇವೆ ದೊರೆಯುತ್ತದೆ. ಇತರರಿಗೆ ಆದಾಯದ ಮಿತಿಯಿದೆ. ದೂರವಾಣಿ ಸಂಖ್ಯೆ 15100. ಅಲ್ಲಿಗೆ ಹೋಗುವಾಗ ತೀರ್ಪಿನ ನಕಲು ಸಿಕ್ಕಿರದಿದ್ದರೂ, ನಕಲು ಅರ್ಜಿಯ ರಸೀತಿಯನ್ನಾದರೂ ಜೊತೆಗೆ ಒಯ್ಯಬೇಕು. ಪ್ರಾಧಿಕಾರಕ್ಕೆ ಸಲ್ಲಿಸಿದ ಅರ್ಜಿಯ ಸ್ವೀಕೃತಿಯನ್ನೂ ಪಡೆದುಕೊಂಡು ಕಡತದಲ್ಲಿಡಬೇಕು. ವಿಳಂಬದ ದಿನಗಳಿಗೆ ವಿವರಣೆ ನೀಡುವಾಗ ಅದೂ ಒಂದು ದಾಖಲೆಯಾಗುತ್ತದೆ.